ಪಂಪಾವತಿಯ ಮನೆಯ ಐಸ್ ಪೆಟ್ಟಿಗೆ

ಸಿಂಧನೂರಿನ ಕುಷ್ಟಗಿ ರಸ್ತೆಯ ಕಡೆ ಮದುವೆ ಗೊತ್ತಾದ ಮನೆಗಳಲ್ಲಿ ಒಂದು ಮಾತಿತ್ತು. ಸೀರೆ ಎಲ್ಲಿಯಾದರೂ ತೆಗೆದುಕೊಳ್ಳಿ, ಕುಪ್ಪಸ ಮಾತ್ರ ಪಂಪಾವತಿಯ ಕೈಲಿ ಹೊಲಿಸಿ. ಮಸ್ಕಿಯ ತವರಿನಲ್ಲಿ ದರ್ಜಿ ಸೋದರಮಾವನ ಕಟ್ಟೆಯ ಮೇಲೆ ಕೂತು ಅಂಗಿಗಳಿಗೆ ಗುಂಡಿಮನೆ ಹಾಕುತ್ತ ಕಲಿತ ಕೆಲಸ ಅದು. ಮದುವೆಯಾಗಿ ಸಿಂಧನೂರಿಗೆ ಬಂದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಮಷಿನ್ ಹಾಕಿದಳು. ಬಳಗಾನೂರಿನಿಂದ, ಗೊರೇಬಾಳದಿಂದ, ಕಾಲುವೆ ಪಕ್ಕದಲ್ಲಿ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಿಂದ ಹುಡುಗಿಯರು ತಾಯಂದಿರ ಜೊತೆ ಬರುತ್ತಿದ್ದರು. ಕ್ಯಾಂಪಿನವರ ಜೊತೆ ತೆಲುಗಿನಲ್ಲಿ, ಊರಿನವರ ಜೊತೆ ಕನ್ನಡದಲ್ಲಿ ಮಾತಾಡುತ್ತ, ಹಲ್ಲಿನ ನಡುವೆ ಪಿನ್ನು ಕಚ್ಚಿಕೊಂಡೇ ಅವಳು ಅಳತೆ ತೆಗೆಯುತ್ತಿದ್ದಳು. ಹೊಟ್ಟೆ ಒಳಕ್ಕೆ ಎಳೆದುಕೊಂಡು ನಿಂತ ಹುಡುಗಿಗೆ, "ಉಸಿರು ಬಿಡವ್ವಾ, ಮದಿವಿ ದಿನ ಹೋಳಿಗಿ ತಿನ್ನಾಕ ಜಾಗ ಬೇಕಲ್ಲ" ಅನ್ನುವಳು.

ಗಂಡ ಹುಲಿಗೇಶ ಫ್ರಿಜ್ಜು, ಏಸಿ ರಿಪೇರಿ ಮಾಡುವವನು. ಮಾತು ಕಡಿಮೆ. ಇಲ್ಲ ಅನ್ನುವ ಶಬ್ದವಂತೂ ಅವನ ಬಾಯಲ್ಲಿ ಹುಟ್ಟಿಯೇ ಇರಲಿಲ್ಲ. ಅಡತಿ ಅಂಗಡಿಯ ಮುದುಕಪ್ಪ ಸಾಹುಕಾರರ ಏಸಿ ಕೆಟ್ಟಾಗ ಹೋಗಿ ಸರಿ ಮಾಡಿಕೊಟ್ಟನಂತೆ. ಅವರು ರೊಕ್ಕ ಕೊಟ್ಟು, ಚಹಾ ಕುಡಿಸಿ, "ನಮ್ಮ ಸ್ನೇಹ ಸೇವಾ ಕ್ಲಬ್ಬಿಗೆ ಮೆಂಬರ್ ಆಗು" ಅಂದರಂತೆ. ಇವನು ಹೂಂ ಅಂದು ಬಂದ.

"ನಮ್ಮಂಥೋರು ಅಲ್ಲಿ ಹೋಗಿ ಏನ್ ಮಾಡಾದೈತಿ?" ಎಂದು ಪಂಪಾವತಿ ಮೊದಲು ಮೂಗು ಮುರಿದಳು. ಆದರೆ ಒಂದೆರಡು ಸಲ ಹೋದ ಮೇಲೆ ಅವಳಿಗೇ ಅದರ ರುಚಿ ಹತ್ತಿತು. ತಿಂಗಳಿಗೊಮ್ಮೆ, ಭಾನುವಾರ, ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನ ಮೇಲ್ಮಾಳಿಗೆಯಲ್ಲಿ ಮೀಟಿಂಗು. ಅಧ್ಯಕ್ಷ ಮುದುಕಪ್ಪನವರು ಕೊರಳಿಗೆ ಪದಕದ ಸರ ಹಾಕಿಕೊಂಡು ಹಿತ್ತಾಳೆ ಗಂಟೆ ಬಾರಿಸುವರು. ಕಾರ್ಯದರ್ಶಿ ಹಿಂದಿನ ಸಭೆಯ ವರದಿ ಓದುವರು. ಗಂಡಸರು ಚರ್ಚೆ ಮಾಡುವಾಗ ಹೆಂಗಸರು ಒಂದು ಪಕ್ಕ ಕೂತು ಅಂಕಿ ಕೂಗುವ ಹೌಸಿ ಆಟ ಆಡುವರು. ಆಮೇಲೆ ಎಲ್ಲರೂ ಸೇರಿ ಊಟ. ಇದಕ್ಕೆ ಫೆಲೋಶಿಪ್ಪು ಅನ್ನುತ್ತಿದ್ದರು. ಅಲ್ಲಿ ಯಾರೂ ಪಂಪಾವತಿಯ ಮುಂದೆ ಬಟ್ಟೆ ಹಿಡಿದು ನಿಲ್ಲುತ್ತಿರಲಿಲ್ಲ. ಬೇರೆಯವರು ಬಡಿಸಿದ್ದನ್ನು ಕೂತು ಉಣ್ಣುವ ಸುಖ ಅವಳಿಗೆ ಎಷ್ಟೋ ವರ್ಷದ ಮೇಲೆ ಸಿಕ್ಕಿತ್ತು. ಸಿಮೆಂಟು ಅಂಗಡಿಯ ದಸ್ತಗೀರ್‌ಸಾಬ್ ಕ್ಲಬ್ಬಿನ ಖಜಾಂಚಿ. ಅವರ ಹೆಂಡತಿ ಲಾಲ್‌ಬೀ ಇವಳ ಪಕ್ಕದ ಕುರ್ಚಿಯ ಗೆಳತಿಯಾದಳು.

ಆ ವರ್ಷ ಚಳಿಗಾಲದಲ್ಲಿ ಕ್ಲಬ್ಬಿನವರು ಶಾಲೆಯ ಮೈದಾನದಲ್ಲಿ ತಿಂಡಿ ಮೇಳ ಮಾಡಿದರು. ದೊಡ್ಡದೊಂದು ಸೇವಾ ಕಾರ್ಯಕ್ಕೆ ಹಣ ಕೂಡಿಸಬೇಕಿತ್ತು. ಲಾಲ್‌ಬೀ ಖೀಮಾ ಸಮೋಸ ಮಾಡಿದಳು, ಯಾರೋ ಗಿರಮಿಟ್ ಕಲಸಿದರು. ಪಂಪಾವತಿಯದು ಮಿರ್ಚಿ ಭಜಿಯ ಕಡಾಯಿ. ಎರಡು ಸಂಜೆ ಹೊಗೆಯಲ್ಲಿ ಕಣ್ಣು ಉರಿಸಿಕೊಂಡು ಕರಿದಳು. ಯಾವ ಕಾರ್ಯಕ್ಕೆ ಎಂದು ಗಂಡನನ್ನು ಕೇಳಿದರೆ, "ಒಳ್ಳೇ ಕೆಲಸಕ್ಕ" ಅಂದ. ಅವಳೂ ಹೆಚ್ಚು ಕೇಳಲಿಲ್ಲ. ಶಾಲೆಗೆ ಬೆಂಚು ಕೊಡುತ್ತಾರೇನೋ, ಆಸ್ಪತ್ರೆಗೆ ಮಂಚ ಕೊಡುತ್ತಾರೇನೋ ಅಂದುಕೊಂಡಳು.

ಬಂದದ್ದು ಹೆಣ ಇಡುವ ತಣ್ಣನೆಯ ಪೆಟ್ಟಿಗೆ.

ಗಾಜಿನ ಮುಚ್ಚಳ, ಕೆಳಗೆ ಚಕ್ರ, ಒಂದು ತುದಿಗೆ ಫ್ರಿಜ್ಜಿಗಿರುವಂಥ ಯಂತ್ರ. ದೂರದೂರಿನ ಮಕ್ಕಳು ಬರುವತನಕ ಹೆಣ ಕೆಡದಂತೆ ಇಡಲು ಸುತ್ತಲಿನ ಊರಿಗೆಲ್ಲ ಉಚಿತವಾಗಿ ಕೊಡುವುದು ಎಂದು ಕ್ಲಬ್ಬು ತೀರ್ಮಾನಿಸಿತ್ತು. ಲೋಕಾರ್ಪಣೆಯ ದಿನ ರಿಬ್ಬನ್ ಕತ್ತರಿಸಿ ಫೋಟೋ ತೆಗೆಸಿಕೊಂಡರು. ಯಾರೋ ರೂಢಿಯಂತೆ ತೆಂಗಿನಕಾಯಿ ಒಡೆದುಬಿಟ್ಟರು. ಒಡೆದ ಮೇಲೆ ಆ ಹೋಳನ್ನು ತಿನ್ನಬೇಕೋ ಬೇಡವೋ ಯಾರಿಗೂ ತಿಳಿಯದೆ ಅದು ಸ್ಟೇಜಿನ ಮೇಲೇ ಉಳಿಯಿತು.

ಆಮೇಲೆ ಪ್ರಶ್ನೆ ಬಂದದ್ದು, ಇದನ್ನು ಇಡುವುದೆಲ್ಲಿ ಎಂದು. ಮುದುಕಪ್ಪನವರ ಅಂಗಡಿಯಲ್ಲಿ ಲಕ್ಷ್ಮಿ ಪೂಜೆ ನಡೆಯುತ್ತದೆ. ಒಬ್ಬರ ಗೋಡೌನಿನಲ್ಲಿ ಬಿತ್ತನೆ ಬೀಜ ಇದೆ. ಒಬ್ಬರ ಮನೆಯಲ್ಲಿ ಸೊಸೆ ಬಸುರಿ. ದಸ್ತಗೀರ್‌ಸಾಬರ ಗೋಡೌನಿನ ಮಾಲೀಕ ಬೇರೆಯವನು, ಕೇಳಿದರೆ ಖಾಲಿ ಮಾಡು ಅನ್ನುತ್ತಾನೆ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಹುಲಿಗೇಶ, "ಇರ್ಲಿ ಬಿಡ್ರಿ, ನಮ್ಮ ಮನಿ ಬಗಲಾಗ ತಗಡಿನ ನೆರಳು ಐತಿ. ಮಷಿನ್ನೂ ನಾನಽ ನೋಡ್ಕೋತೀನಿ" ಅಂದ. ಚಪ್ಪಾಳೆ ಬಿತ್ತು.

ಗೂಡ್ಸ್ ಆಟೋದ ದ್ಯಾವಪ್ಪ ಪೆಟ್ಟಿಗೆಯನ್ನು ತಂದು ಅಂಗಳದಲ್ಲಿ ಇಳಿಸುವಾಗ ಪಂಪಾವತಿ ಕುಪ್ಪಸಕ್ಕೆ ಕೊಕ್ಕೆ ಹಚ್ಚುತ್ತ ಕೂತಿದ್ದಳು. ಎದ್ದು ಬಂದು ನೋಡಿದಳು.

"ನಾ ಎರಡು ದಿನ ಮಿರ್ಚಿ ಕರದಿದ್ದು ಇದಕ್ಕೇನು?"

"ಯಾರ ಮನ್ಯಾಗರ ಇಡಬೇಕಲ್ಲ" ಅಂದ ಹುಲಿಗೇಶ.

"ಸಾಹುಕಾರ್ರ ಮನ್ಯಾಗ ಇಲ್ಲದ ಜಾಗ ನಮ್ಮ ಮನ್ಯಾಗ ಎಲ್ಲಿ ಬಂತು? ನನ್ನ ಬಾಗಿಲಿಗೆ ಮದುಮಕ್ಕಳು ಬರ್ತಾರ. ಅದು ಗೊತ್ತೈತಿಲ್ಲ ನಿಮಗ?"

ಅವನು ತಲೆ ತಗ್ಗಿಸಿ ಪೆಟ್ಟಿಗೆಯ ಚಕ್ರಕ್ಕೆ ಎಣ್ಣೆ ಬಿಡತೊಡಗಿದ.

ಅವಳು ಹೆದರಿದಂತೆಯೇ ಆಯಿತು. ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಫೋನು ಬರುವುದು. ಹುಲಿಗೇಶ ಮತ್ತು ದ್ಯಾವಪ್ಪ ಪೆಟ್ಟಿಗೆಯನ್ನು ಒಯ್ದು ಕೊಟ್ಟು, ಮರುದಿನ ತಂದು, ಅಂಗಳದಲ್ಲಿ ಫಿನೈಲ್ ಹಾಕಿ ತೊಳೆಯುವರು. ಹಾಗೆ ತೊಳೆಯುತ್ತಿದ್ದ ಒಂದು ಮುಂಜಾನೆ ಬಳಗಾನೂರಿನ ತಾಯಿ ಮಗಳು ಮದುವೆಯ ಕುಪ್ಪಸಕ್ಕೆ ಬಂದರು. ಮಗಳು ಅಳತೆ ಕೊಡಲು ನಿಂತಳು. ತಾಯಿ ಕಿಟಕಿಯಿಂದ ಹೊರಗೆ ನೋಡಿದಳು. ತಂದ ಸೀರೆಗಳನ್ನು ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡು, "ಆಮ್ಯಾಲ ಬರ್ತೀವ್ರೀ, ಬಸ್ಸಿನ ಹೊತ್ತಾತು" ಅಂದಳು. ಬಸ್ಸಿಗೆ ಇನ್ನೂ ಬಹಳ ಹೊತ್ತಿದೆ ಎಂಬುದು ಪಂಪಾವತಿಗೆ ಗೊತ್ತಿತ್ತು. ಅವರು ಮತ್ತೆ ಬರಲಿಲ್ಲ. ಅವರ ಹಿಂದೆ ಇನ್ನೂ ಕೆಲವರು ಬರುವುದು ನಿಂತಿತು. ಲಗ್ನದ ಕಾಲದಲ್ಲಿ ಅವಳ ಮಷಿನ್ ಮೇಲೆ ಸೀರೆಯ ಫಾಲು, ಶಾಲೆಯ ಚಡ್ಡಿ ಬಿಟ್ಟರೆ ಬೇರೇನೂ ಇರಲಿಲ್ಲ.

ಮುಂದಿನ ಫೆಲೋಶಿಪ್ಪಿನಲ್ಲಿ ಅವಳು ಊಟಕ್ಕೆ ಮುಂಚೆ ಗಂಡಸರ ಸಾಲಿನ ಹತ್ತಿರ ಹೋಗಿ ನಿಂತಳು. "ಪೆಟ್ಟಿಗಿ ಎಲ್ಲಾರ್ದು ಅಂತೀರಿ. ಹಂಗಾರ ಒಬ್ಬೊಬ್ಬರ ಮನ್ಯಾಗ ಎರಡೆರಡು ತಿಂಗಳು ಇಟಗೊಳ್ರಿ" ಅಂದಳು. ಮುದುಕಪ್ಪನವರು ನಕ್ಕು, "ಚರ್ಚೆ ಮಾಡೂಣು ತಂಗಿ" ಅಂದರು. ದಸ್ತಗೀರ್‌ಸಾಬರು ಮಾತ್ರ, "ಅಕ್ಕಾರ ಮಾತು ಖರೆ ಐತಿ. ನಮಗಽ ಶರಮ್ ಆಗಬೇಕು" ಅಂದರು. ಆದರೆ ನಾಚಿಕೆಯಾದ ಮಾತ್ರಕ್ಕೆ ಪೆಟ್ಟಿಗೆ ಜಾಗ ಬಿಟ್ಟು ಕದಲಲಿಲ್ಲ. ಅಷ್ಟರಲ್ಲಿ ಮುದುಕಪ್ಪನವರು ಪೆಟ್ಟಿಗೆಯ ಬದಿಯ ಮೇಲೆ ಬರೆಸಿದ್ದ ದಾನಿಗಳ ಸಾಲಿನಿಂದ ತಮ್ಮ ಹೆಸರನ್ನೂ ಅಳಿಸಿಹಾಕಿಸಿದರು. ಪಂಪಾವತಿ ಮೀಟಿಂಗಿಗೆ ಹೋಗುವುದನ್ನೇ ಬಿಟ್ಟಳು.

ಬೇಸಿಗೆ ಏರಿತು. ಕಾಲುವೆ ನೀರು ನಿಂತು, ಭತ್ತದ ಗದ್ದೆಗಳಲ್ಲಿ ಕೂಳೆ ಒಣಗಿ ನಿಂತಿದ್ದ ದಿನಗಳು. ಹುಲಿಗೇಶ ಲಿಂಗಸುಗೂರಿನಲ್ಲಿ ಐಸ್‌ಕ್ರೀಂ ಅಂಗಡಿಯವರ ದೊಡ್ಡ ಫ್ರೀಜರ್ ಬಿಚ್ಚಿಕೊಂಡು ಕೂತಿದ್ದ. ಮುಂಜಾನೆ ಗೊರೇಬಾಳದಿಂದ ಫೋನು ಬಂತು. ಕಾಲುವೆಯ ನೀರಗಂಟಿಯಾಗಿದ್ದ ಒಬ್ಬ ಮುದುಕ ತೀರಿಕೊಂಡಿದ್ದ. ಮಗ ಸೈನ್ಯದಲ್ಲಿದ್ದಾನೆ, ರಾಜಸ್ಥಾನದಿಂದ ಬರಬೇಕು. ದ್ಯಾವಪ್ಪ ಆಟೋ ತಂದ. ಯಂತ್ರ ಹಾಕಿಕೊಡಲು ಯಾರೂ ಇಲ್ಲ. ಹುಲಿಗೇಶ ಲಿಂಗಸುಗೂರಿನಿಂದಲೇ ಕ್ಲಬ್ಬಿನ ನಾಲ್ಕಾರು ಜನಕ್ಕೆ ಫೋನ್ ಮಾಡಿದ. ಒಬ್ಬರು ರಾಯಚೂರಿನಲ್ಲಿದ್ದರು, ಒಬ್ಬರು ಬೀಗರ ಮನೆಯಲ್ಲಿ, ಉಳಿದವರು ಫೋನ್ ಎತ್ತಲಿಲ್ಲ. ಕೊನೆಗೆ ಹೆಂಡತಿಗೆ ಮಾಡಿದ.

"ನೀನಽ ಹೋಗಬೇಕಾಗ್ತೈತಿ. ಮ್ಯಾಲಿನ ಸ್ವಿಚ್ ಒತ್ತಿ, ಹಸಿರು ದೀಪ ಹತ್ತಿದ್ರ ಆತು. ಬಂದುಬಿಡು."

"ನನಗ ಯಾಕ ಈ ಜಿಮ್ಮೆದಾರಿ?"

"ನನಗ ಬ್ಯಾರೆ ಯಾರೂ ಇಲ್ಲ" ಅಂದ ಅವನು. ಅವಳು ಮಷಿನ್ನಿಗೆ ಬಟ್ಟೆ ಮುಚ್ಚಿ, ಸಿಟ್ಟಿನಲ್ಲೇ ದ್ಯಾವಪ್ಪನ ಪಕ್ಕ ಹತ್ತಿ ಕೂತಳು.

ಗೊರೇಬಾಳದ ಆ ಮನೆಯ ಮುಂದೆ ಬೇವಿನ ಮರದ ಕೆಳಗೆ ಗಂಡಸರು ಕೂತು ಕಟ್ಟಿಗೆ, ಬಾಜಾ ಬಜಂತ್ರಿ, ಬಂಧುಗಳಿಗೆ ಹೇಳಿಕಳಿಸುವ ಮಾತಾಡುತ್ತಿದ್ದರು. ಓಣಿಯ ಹೆಂಗಸರು ಆಗಲೇ ಅತ್ತು ಹೋಗಿದ್ದರು. ಒಳಗೆ ಹೆಣದ ತಲೆದಿಸೆಯಲ್ಲಿ ಒಬ್ಬಳೇ ಹುಡುಗಿ ಕೂತಿದ್ದಳು. ಸತ್ತವನ ಮಗಳು, ದೀಪಾ. ತಾಯಿ ಹೋಗಿ ಬಹಳ ವರ್ಷಗಳಾಗಿದ್ದವು. ಒಂದು ಹಳೆಯ ಬೀಸಣಿಗೆ ಹಿಡಿದು ಅಪ್ಪನ ಮುಖದ ಮೇಲೆ ನೊಣ ಕೂಡದಂತೆ ಬೀಸುತ್ತಿದ್ದಳು. ಯಾವಾಗಿನಿಂದ ಬೀಸುತ್ತಿದ್ದಳೋ, ಕೈ ತಾನಾಗಿಯೇ ಆಡುತ್ತಿತ್ತು.

ಪಂಪಾವತಿ ಹೋಗಿ ಆ ಬೀಸಣಿಗೆಯನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು. ಹುಡುಗಿ ತನ್ನ ಖಾಲಿ ಕೈಯನ್ನೇ ನೋಡುತ್ತ ಕೂತಳು.

ಪೆಟ್ಟಿಗೆ ಒಳಗೆ ಬಂತು. ನಾಲ್ವರು ಸೇರಿ ಹೆಣ ಎತ್ತಿ ಇಟ್ಟರು. ಪಂಪಾವತಿ ಸ್ವಿಚ್ ಒತ್ತಿದಳು. ಹಸಿರು ದೀಪ ಹತ್ತಿತು, ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ದ್ಯಾವಪ್ಪ ಊರಲ್ಲಿ ತಿರುಗಿ ಶಾಮಿಯಾನದವರ ಜನರೇಟರ್ ಹುಡುಕಿ ತಂದ. ಇಷ್ಟೆಲ್ಲ ಆಗುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಅವಳು ಚಪ್ಪಲಿ ಮೆಟ್ಟಿಕೊಳ್ಳಲು ಹೊರಗೆ ಬಂದಾಗ ದೀಪಾ ಬಾಗಿಲ ತನಕ ಬಂದಳು.

"ಅಕ್ಕಾ, ನೀವು ಹೊಂಟ್ರೇನ್ರಿ?"

ಅಷ್ಟೇ ಕೇಳಿದ್ದು. ಇರಿ ಎಂದೂ ಅನ್ನಲಿಲ್ಲ. ಪಂಪಾವತಿ ಚಪ್ಪಲಿ ಬಿಟ್ಟು ಒಳಗೆ ಹೋದಳು. "ನೀ ಹೋಗಿ ನಾಳೆ ಬಾ" ಎಂದು ದ್ಯಾವಪ್ಪನಿಗೆ ಹೇಳಿದಳು.

ಪಕ್ಕದ ಮನೆಯಿಂದ ಚಹಾ, ಬನ್ನು ಬಂದವು. ತಾನು ಒಂದು ತುತ್ತು ತಿಂದು, ಹುಡುಗಿಗೆ ಒಂದು ತುತ್ತು ತಿನ್ನಿಸಿದಳು. ಕತ್ತಲಾದ ಮೇಲೆ ಹುಡುಗಿ ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ನಿದ್ದೆ ಹತ್ತಿತೋ ಇಲ್ಲವೋ ಹೇಳುವಂತಿರಲಿಲ್ಲ. ಪೆಟ್ಟಿಗೆಯ ಯಂತ್ರ ಕರಕರ ಅನ್ನುತ್ತಲೇ ಇತ್ತು. ಆ ಸದ್ದು ನಿಂತು ಮತ್ತೆ ಹೊರಟಾಗಲೆಲ್ಲ ಹುಡುಗಿ ಕಣ್ಣು ತೆರೆಯುತ್ತಿದ್ದಳು.

ಮರುದಿನ ಹೊತ್ತೇರಿದ ಮೇಲೆ ಮಗ ಸುನೀಲ ಬಂದ. ಬೆನ್ನ ಮೇಲಿನ ಚೀಲ ಇಳಿಸದೆ ಪೆಟ್ಟಿಗೆಯ ಮುಂದೆ ನಿಂತ. ಅಳಲಿಲ್ಲ. ತಂಗಿಯನ್ನು ಒಮ್ಮೆ ಅಪ್ಪಿ ಹಿಡಿದ. ಆಮೇಲೆ ಚೀಲ ಬಿಚ್ಚಿ ಒಂದು ಹೊಸ ಅಂಗಿ ತೆಗೆದ. ತಿಳಿ ನೀಲಿಯದು, ಪ್ಲಾಸ್ಟಿಕ್ ಕವರು ಕೂಡ ಬಿಚ್ಚಿರಲಿಲ್ಲ.

"ರಜಾಕ್ಕ ಬರುವಾಗ ಅಪ್ಪಗ ಕೊಡಬೇಕಂತ ತಗೊಂಡಿದ್ದೆ. ಇದನ್ನ ಹಾಕಬೇಕ್ರಿ" ಅಂದ.

ಹೆಣಕ್ಕೆ ಸ್ನಾನ ಮಾಡಿಸಿದರು. ಆದರೆ ಸತ್ತ ಮೈ, ಅದರ ಮೇಲೆ ಒಂದು ದಿನದ ತಂಪು, ಸೆಟೆದುಕೊಂಡಿತ್ತು. ತೋಳು ಮಡಚಲು ಬರಲಿಲ್ಲ. ಇಬ್ಬರು ಹಿಡಿದು ಎಳೆಯಲು ನೋಡಿದರು. ದೀಪಾ ಮುಖ ಮುಚ್ಚಿಕೊಂಡಳು. ಹಿರಿಯನೊಬ್ಬ, "ಬಿಡಪ್ಪಾ, ಮ್ಯಾಲ ಹೊಚ್ಚಿದ್ರ ಆತು. ಹಾಕಿದಂಗಽ ಅದು" ಅಂದ. ಸುನೀಲ ಅಂಗಿ ಹಿಡಿದುಕೊಂಡೇ ನಿಂತಿದ್ದ, ಕೆಳಗಿಡಲಿಲ್ಲ.

"ಒಂದು ಬ್ಲೇಡ್ ಕೊಡ್ರಿ" ಅಂದಳು ಪಂಪಾವತಿ.

ಅಂಗಿಯನ್ನು ನೆಲದ ಮೇಲೆ ಹಾಸಿ, ಬೆನ್ನ ನಡುವೆ ಕಾಲರಿನಿಂದ ಕೆಳಗಿನ ತನಕ ಒಂದೇ ನೇರಕ್ಕೆ ಸೀಳಿದಳು. ಸುನೀಲ ಬೆಚ್ಚಿದ. "ಅಂಜಬ್ಯಾಡ ತಮ್ಮಾ, ಕಾಣಸಂಗಿಲ್ಲ" ಎಂದು ಮುಂದಿನಿಂದ ಒಂದು ತೋಳು ಏರಿಸಿದಳು, ಮತ್ತೊಂದು ತೋಳು ಏರಿಸಿದಳು. ಮಗುವಿಗೆ ಅಂಗಿ ತೊಡಿಸಿದಷ್ಟೇ ಸಲೀಸಾಗಿ ಕೂತಿತು. ಬೆನ್ನ ಕೆಳಗೆ ಅಂಚು ಮಡಚಿ, ತನ್ನ ಕುಪ್ಪಸಕ್ಕೆ ಯಾವಾಗಲೂ ಚುಚ್ಚಿಕೊಂಡಿರುತ್ತಿದ್ದ ಸೂಜಿ ತೆಗೆದು, ಪಕ್ಕದಲ್ಲಿ ಸಡಿಲವಾಗಿ ನಾಲ್ಕು ಹೊಲಿಗೆ ಹಾಕಿದಳು. ಗುಂಡಿ ಹಾಕುವುದನ್ನು ಸುನೀಲನಿಗೇ ಬಿಟ್ಟಳು. ಅವನು ಒಂದೊಂದೇ ಗುಂಡಿ ಹಾಕುತ್ತ ಬಂದು, ಕೊರಳ ಹತ್ತಿರ ಬಂದಾಗ ಕೂತುಬಿಟ್ಟ. ಅಲ್ಲಿಂದ ಅವನ ಅಳು ಹೊರಟಿತು.

ಅಂತ್ಯಕ್ರಿಯೆ ಮುಗಿದ ಮೇಲೆ ಪಂಪಾವತಿ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡಳು. ಲಿಂಗಸುಗೂರಿನಿಂದ ಬಂದಿದ್ದ ಗಂಡ ಬಾಗಿಲಲ್ಲಿ ಬೈಗುಳ ತಿನ್ನಲು ತಯಾರಾಗಿ ಕೂತಿದ್ದ. ಅವಳು ಬೈಯಲಿಲ್ಲ.

"ಆ ಮಷಿನ್ ಕರಕರ ಅಂತೈತಿ. ಸದ್ದಿಲ್ಲದಂಗ ಮಾಡ್ರಿ. ಬಗಲಾಗ ಕುಂತೋರಿಗೆ ಎಷ್ಟು ತ್ರಾಸು ಆಗ್ತೈತಿ ಗೊತ್ತೇನು?"

ಹುಲಿಗೇಶ ಅವತ್ತೇ ಯಂತ್ರ ಬಿಚ್ಚಿ ಕೆಳಗೆ ರಬ್ಬರು ಹಾಕಿದ.

ಆಮೇಲೆ ಅವಳು ಎಲ್ಲ ಸಲವೂ ಅಲ್ಲದಿದ್ದರೂ, ಮನೆಯಲ್ಲಿ ಹೆಣ್ಣುಮಕ್ಕಳೇ ಇದ್ದಾರೆ ಎಂದು ಗೊತ್ತಾದರೆ ಪೆಟ್ಟಿಗೆಯ ಜೊತೆ ಹೊರಡುತ್ತಿದ್ದಳು. ಮಸ್ಕಿಗೆ ಹೋದಳು, ಬಳಗಾನೂರಿಗೆ ಹೋದಳು. ಸಿಂಧನೂರಿನಲ್ಲೇ ಒಂದು ಮುಸಲ್ಮಾನರ ಮನೆಯಲ್ಲಿ, ಹೈದರಾಬಾದಿನಿಂದ ಮಗಳು ಬರುವತನಕ ಮಯ್ಯತ್ತನ್ನು ಪೆಟ್ಟಿಗೆಯಲ್ಲಿ ಇಡಬೇಕಾದಾಗ, ಲಾಲ್‌ಬೀಯೂ ಬಂದು ಕೂತಳು. ಹೋದಲ್ಲಿ ಪಂಪಾವತಿ ದೊಡ್ಡ ಸಮಾಧಾನದ ಮಾತೇನೂ ಆಡುತ್ತಿರಲಿಲ್ಲ. ನೀರು ಕುಡಿಸುವುದು, ಮಕ್ಕಳಿಗೆ ಏನಾದರೂ ತಿನ್ನಿಸುವುದು, ಜಗಳಕ್ಕೆ ಬಂದ ಬಂಧುಗಳನ್ನು ಹೊರಗೆ ಕಳಿಸುವುದು, ಇಷ್ಟೇ.

ಗೊರೇಬಾಳದ ಸುದ್ದಿ ಕ್ಲಬ್ಬಿಗೂ ಮುಟ್ಟಿತ್ತು. ಮಳೆಗಾಲದ ಒಂದು ಮೀಟಿಂಗಿಗೆ ಲಾಲ್‌ಬೀ ಅವಳನ್ನು ಕೈ ಹಿಡಿದು ಕರೆದುಕೊಂಡು ಹೋದಳು. ಮುದುಕಪ್ಪನವರು ಗಂಟೆ ಬಾರಿಸಿ, ಎಲ್ಲರಿಗೂ ಒಂದು ಸಂತೋಷದ ಸುದ್ದಿ ಎಂದರು. ಒಂದು ಆಸ್ಪತ್ರೆಯವರ ಹಿತ್ತಲಲ್ಲಿ ಪೆಟ್ಟಿಗೆ ಇಡಲು ಜಾಗ ಸಿಕ್ಕಿದೆ, ಪಂಪಾವತಿ ತಂಗಿಯ ತ್ರಾಸು ಇವತ್ತಿಗೆ ಮುಗಿಯಿತು. ಚಪ್ಪಾಳೆಯಾಯಿತು. ಪಂಪಾವತಿ ಎದ್ದು ನಿಂತಳು.

"ಅಲ್ಲಿ ಇಟ್ರ ಜೊತಿಗಿ ಯಾರು ಹೋಗ್ತಾರ್ರೀ?"

"ಡ್ರೈವರ್ ಹೋಗ್ತಾನಲ್ಲ ತಂಗಿ."

"ಹಂಗಾರ ಬ್ಯಾಡ. ನಮ್ಮ ಮನಿ ಬಗಲಾಗಽ ಇರ್ಲಿ. ಆದ್ರ ರೋಡಿನ ಕಡಿ ಬಾಗಿಲ ಇರೋ ಒಂದು ಖೋಲಿ ಕಟ್ಟಿಸಿ ಕೊಡ್ರಿ, ನನ್ನ ಅಂಗಳದಾಗಿಂದ ಹೋಗಿ ಬರಾದು ಬ್ಯಾಡ. ಮತ್ತ ಪೆಟ್ಟಿಗಿ ಹೋದಾಗೊಮ್ಮೆ ನಿಮ್ಮಾಗ ಒಬ್ಬರು ಜೊತಿಗಿ ಹೋಗಬೇಕು. ಪಾಳಿ ಹಚ್ಚಿಕೊಳ್ರಿ. ನಾವು ಹೆಣ್ಣುಮಕ್ಕಳೂ ಬರ್ತೀವಿ. ಹೌಸಿ ಆಡಾಕ ಅಷ್ಟಽ ಅಲ್ಲ, ಮೆಂಬರ್ ಅಂತ ಹೆಸರು ಬರ್ಕೊಂಡ್ರ ಬರ್ತೀವಿ."

ದಸ್ತಗೀರ್‌ಸಾಬರು ಕೈ ಎತ್ತಿ, "ಮೊದಲನೇ ಪಾಳಿ ನಂದು" ಅಂದರು. ಆಮೇಲೆ ಒಬ್ಬೊಬ್ಬರೇ ಒಪ್ಪುತ್ತ ಬಂದರು. ಮುದುಕಪ್ಪನವರು ಮಾತ್ರ ಕೊರಳ ಸರವನ್ನು ಬೆರಳಲ್ಲಿ ತಿರುವುತ್ತ ಕೂತಿದ್ದರು. ಊಟದ ಹೊತ್ತಿಗೆ ಅವಳ ಹತ್ತಿರ ಬಂದು, ಯಾರಿಗೂ ಕೇಳದಂತೆ ಹೇಳಿದರು.

"ತಂಗಿ, ನನ್ನ ಕಡಿಂದ ಆಗಂಗಿಲ್ಲ. ನಮ್ಮ ತಮ್ಮ ಕಾಲುವ್ಯಾಗ ಬಿದ್ದು ಸತ್ತಾಗ ಹೆಣ ಗುರುತು ಹಿಡಿಯಾಕ ನನ್ನಽ ಕರದಿದ್ರು. ಅವತ್ತಿಂದ ನಾ ಸತ್ತೋರ ಮನಿ ಹೊಸ್ತಿಲಾ ದಾಟಿಲ್ಲ. ಪೆಟ್ಟಿಗಿ ಮ್ಯಾಲ ನನ್ನ ಹೆಸರು ನೋಡಿದ್ರೂ ಎದಿ ಹೊಡಕೋತಿತ್ತು. ಮಂದಿ ನಾನು ಸೊಕ್ಕಿನಿಂದ ಅಳಿಸಿದೆ ಅನ್ಕೊಂಡಾರ."

ಪಂಪಾವತಿಯೂ ಹಾಗೆಯೇ ಅಂದುಕೊಂಡಿದ್ದಳು. ಅವರ ಮುಖ ನೋಡಿ, "ಹೊರಗ ನಿಂದರ್ರಿ ಸಾಕು. ಹೊರಗೂ ಅಳೋ ಮಂದಿ ಇರ್ತಾರ" ಅಂದಳು.

ಖೋಲಿ ಕಟ್ಟಲು ಮತ್ತೊಂದು ತಿಂಡಿ ಮೇಳವಾಯಿತು. ಈ ಸಲ ಯಾತಕ್ಕಾಗಿ ಎಂದು ಬೋರ್ಡು ಬರೆದು ಹಾಕಿದರು. ಕೆಲವರು ಬೋರ್ಡು ಓದಿ ತಿನ್ನದೆ ಹೋದರು. ಕೆಲವರು ಬೇಕೆಂದೇ ಎರಡು ಪ್ಲೇಟು ತಿಂದರು. ಮದುವೆ ಕುಪ್ಪಸದವರು ಮಾತ್ರ ಪಂಪಾವತಿಯ ಮನೆಗೆ ಮೊದಲಿನಂತೆ ಬರಲಿಲ್ಲ. ಜನರ ಮನಸ್ಸಿನಿಂದ ಕೆಲವು ಮಾತು ತೆಗೆಯಲು ಬರುವುದಿಲ್ಲ ಎಂದು ಅವಳು ಒಪ್ಪಿಕೊಂಡಳು. ಲಾಲ್‌ಬೀ ಗಂಡನಿಗೆ ಹೇಳಿ ಸಿಮೆಂಟು ಅಂಗಡಿಯ ಮೇಲಿನ ಕೋಣೆ ಬಾಡಿಗೆಗೆ ಕೊಡಿಸಿದಳು. ಪೆಟ್ಟಿಗೆ ಕದಲದಿದ್ದರೆ ಮಷಿನ್ನೇ ಕದಲಲಿ ಎಂದು ಪಂಪಾವತಿ ಅಲ್ಲಿಗೆ ಹೊರಟಳು. ಕ್ಯಾಂಪಿನ ಹುಡುಗಿಯರು ಮೊದಲು ಬಂದರು, ಉಳಿದವರು ನಿಧಾನಕ್ಕೆ. ಗೊತ್ತಿದ್ದೂ ಬರುವವರು ಕೆಲವರು, ಗೊತ್ತಿಲ್ಲದೆ ಬರುವವರು ಹಲವರು.

ಮುದುಕಪ್ಪನವರು ತಮ್ಮ ಪಾಳಿಗೆ ಎರಡು ಸಲ ಹೋದರು. ಎರಡೂ ಸಲ ಸತ್ತವರ ಮನೆಯ ಅಂಗಳದಲ್ಲೇ ನಿಂತು, ಕುರ್ಚಿ ಹಾಕಿಸಿ, ಬಂದವರಿಗೆ ನೀರು ಕೊಡಿಸಿ ವಾಪಸ್ ಬಂದರು.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಹುಲಿಗೇಶನ ಮನೆಯಂಗಳದಲ್ಲೇ ಫೆಲೋಶಿಪ್ಪು. ಪಕ್ಕದಲ್ಲೇ ಆ ಖೋಲಿ ಇದ್ದರೂ ಯಾರೂ ನೆಪ ಹೇಳದೆ ಬಂದಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸುತ್ತಿರುವಾಗ ಮಸ್ಕಿಯಿಂದ ಫೋನು ಬಂತು. ರೊಟ್ಟಿ ಮುರಿಯುತ್ತಿದ್ದ ಕೈಗಳು ನಿಂತವು. ಪಾಳಿ ಮುದುಕಪ್ಪನವರದು. ಅವರು ಎದ್ದು ಕೈ ತೊಳೆದರು.

"ನಾನೂ ಬರ್ಲೇನ್ರಿ?" ಎಂದಳು ಪಂಪಾವತಿ.

"ಬ್ಯಾಡ, ನೀ ಬಡಿಸು. ಬೇಕಾದ್ರ ಫೋನ್ ಮಾಡ್ತೀನಿ" ಎಂದು ಅವರು ದ್ಯಾವಪ್ಪನ ಪಕ್ಕ ಹತ್ತಿದರು.

ಊಟ ಮುಗಿದು, ಪಾತ್ರೆಗಳೆಲ್ಲ ತೊಳೆದಾಗಿ, ಹೆಂಗಸರು ಎಲೆಯಡಿಕೆಗೆ ಕೂತಾಗ ಫೋನು ಬಂತು. ಹಿಂದೆ ಅಳುವ ಸದ್ದು ಹತ್ತಿರದಿಂದಲೇ ಕೇಳುತ್ತಿತ್ತು.

"ತಂಗಿ, ನಾನಽ ಒಳಗ ಬಂದು ಸ್ವಿಚ್ ಒತ್ತೀನಿ. ಹಸಿರು ದೀಪ ಹತ್ತೈತಿ" ಎಂದರು ಮುದುಕಪ್ಪನವರು. "ಇಲ್ಲೊಬ್ಬಾಕಿ ಮುದುಕಿ ಅದಾಳ. ಗಂಡ ಹೋಗ್ಯಾನ. ಯಾರ ಜೊತಿಗೂ ಮಾತಾಡವಲ್ಲಳು. ನಾ ಏನ್ ಮಾಡ್ಲಿ?"

"ಏನೂ ಮಾಡಬ್ಯಾಡ್ರಿ ಅಣ್ಣಾರ. ನೀರು ಕುಡಸ್ರಿ. ಆಕಿ ಬಗಲಾಗ ಕುಂದರ್ರಿ."

"ಕುಂದರ್ತೀನಿ" ಎಂದು ಅವರು ಫೋನ್ ಇಟ್ಟರು.